ಕಾಕಾನ ಖಾಲಿ ಕಾಡತೂಸುಗಳು

ಜನ ಬಂದೂಕನ್ನು ಯಾಕೆ ಇಟ್ಟುಕೊಳ್ಳುತ್ತಾರೆ? ಹೊಲಕ್ಕೆ ಹಂದಿ ಬರುತ್ತವೆಂದು ಕೆಲವರು, ಗುರಿ ಹೊಡೆಯುವ ಸ್ಪರ್ಧೆಗೆಂದು ಕೆಲವರು, ಗೋಡೆಯ ಮೇಲೆ ಚೆಂದ ಕಾಣುತ್ತದೆಂದು ಇನ್ನು ಕೆಲವರು. ನಮ್ಮ ಕಾಕಾ ರೈಫಲ್ ಇಟ್ಟುಕೊಂಡಿದ್ದು ಈ ಯಾವ ಕಾರಣಕ್ಕೂ ಅಲ್ಲ. ಗುಂಡು ಹಾರಿದ ಮೇಲೆ ಹಿಂದೆ ಉಳಿಯುತ್ತದಲ್ಲ, ಕೇಸು ಎನ್ನುವ ಬೆರಳುದ್ದದ ಖಾಲಿ ಹಿತ್ತಾಳೆ ಕೊಳವೆ, ಅದಕ್ಕಾಗಿ! ಉಳಿದವರು ಗುಂಡು ಹಾರಿಸಿ ಗುರಿಯ ಕಡೆ ನೋಡಿದರೆ ಕಾಕಾ ನೆಲದ ಕಡೆ ನೋಡುತ್ತಿದ್ದ. ಬಡಿಯಿತೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ತಡೀರಿ, ಮೊದಲು ಕೇಸು ಎಲ್ಲಿ ಬಿತ್ತು ನೋಡೋಣ ಎನ್ನುವ ಮನುಷ್ಯ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಲೇತಿನ ಮೇಲೆ ಕೆಲಸ ಮಾಡುವ ಟರ್ನರ್ ಆಗಿ ದುಡಿದು ನಿವೃತ್ತನಾದವ. ನಾನು ಹಳಿಯಾಳದ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ರವಿವಾರ ಬಂತೆಂದರೆ ಬಸ್ಸು ಹತ್ತಿ ದಾಂಡೇಲಿಗೆ ಹೋಗುತ್ತೇನೆ. ಕಾಕಾನ ಹೆಂಡತಿ ಕಾಕೂನ ಕೈಯ ಚಪಾತಿ ಒಂದು ಆಕರ್ಷಣೆ, ಕಾಕಾನ ಹುಚ್ಚು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಎಂದು ಕಾಕು ಕೇಳಿದಾಗಲೆಲ್ಲ ನಾನು ಚಪಾತಿ ಎಂದೇ ಹೇಳುತ್ತ ಬಂದಿದ್ದೇನೆ.

ಮನೆಯಲ್ಲಿ ಕಾಡತೂಸು ತಯಾರಿಸುತ್ತಾರೆಂದು ನೀವು ಗಾಬರಿಯಾಗಬೇಡಿ. ಕಾಕಾ ರೈಫಲ್ ಕ್ಲಬ್ಬೊಂದರ ಸದಸ್ಯನಾಗಿದ್ದ. ಬಂದೂಕಿಗೆ ಪರವಾನಗಿ, ಕಾಡತೂಸು ತುಂಬುವುದಕ್ಕೆ ಬೇರೆ ಪರವಾನಗಿ, ಎಲ್ಲವೂ ಇದ್ದವು. ಇಲ್ಲದಿದ್ದದ್ದು ಕಾಕೂನ ಪರವಾನಗಿ ಒಂದೇ!

ಈ ಕೆಲಸ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಕಾನ ದೊಡ್ಡಸ್ತಿಕೆ ನಿಮಗೆ ತಿಳಿಯುವುದಿಲ್ಲ. ಗುಂಡು ಹಾರುವಾಗ ಒಳಗಿನ ಮದ್ದು ಉರಿದು, ಹಿತ್ತಾಳೆಯ ಕೇಸು ಮದುವೆ ಊಟ ಉಂಡವರ ಹೊಟ್ಟೆಯಂತೆ ಉಬ್ಬುತ್ತದೆ. ಬಾಯಿ ಅಗಲವಾಗುತ್ತದೆ. ಅದನ್ನು ಮತ್ತೆ ಬಳಸಬೇಕಾದರೆ ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಹಾಕಿ, ಪ್ರೆಸ್ಸಿನ ಹಿಡಿಕೆ ಎಳೆದು, ನಾಲ್ಕೂ ಕಡೆಯಿಂದ ಒತ್ತಿ ಮೊದಲಿನ ಅಳತೆಗೆ ತರಬೇಕು. ಇದಕ್ಕೆ ಸೈಜು ಮಾಡುವುದು ಎನ್ನುತ್ತಾರೆ. ಆಮೇಲೆ ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕ್ಯಾಪು ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಇಡುವುದು. ಕ್ಲಬ್ಬಿನ ಉಳಿದವರಿಗೆಲ್ಲ ಸೈಜು ಮಾಡುವುದೆಂದರೆ ಬೇಗ ಮುಗಿಸಬೇಕಾದ ಪೀಡೆ. ಕಾಕಾನಿಗೆ ಅದೇ ಹಬ್ಬ. ಮದ್ದು, ಗುಂಡು ಇವೆಲ್ಲ ಹಬ್ಬದ ಊಟ ಆದಮೇಲೆ ಎಲೆ ಎತ್ತುವ ಕೆಲಸ.

ಕೇಸಿಗೆ ಮೊದಲು ಸ್ನಾನ. ಹಿತ್ತಾಳೆಗೆ ಹುಣಸೆಹಣ್ಣಿಗಿಂತ ಒಳ್ಳೆಯ ಸೋಪಿಲ್ಲ ಎಂಬುದು ಕಾಕಾನ ಸಿದ್ಧಾಂತ. ದೇವರ ಸಾಮಾನು ತಿಕ್ಕಲು ಕಾಕು ನೆನೆಹಾಕಿದ ಹುಣಸೆಹಣ್ಣಿನಲ್ಲಿ ಮೊದಲ ಅಭಿಷೇಕ ಕೇಸುಗಳಿಗೆ, ಉಳಿದರೆ ದೇವರಿಗೆ. ಇನ್ನು ಎಣ್ಣೆ. ಎಣ್ಣೆ ಸವರದೆ ಒತ್ತಿದರೆ ಕೇಸು ಡೈಯೊಳಗೇ ಕಚ್ಚಿಕೊಂಡು ಕೂರುತ್ತದೆ, ಹೆಚ್ಚು ಸವರಿದರೆ ಅದರ ಹೆಗಲಿಗೆ ಕುಳಿ ಬೀಳುತ್ತದೆ. ಹೀಗಾಗಿ ಸರಿಯಾದ ಎಣ್ಣೆಯ ಸಂಶೋಧನೆ ವರ್ಷಗಟ್ಟಲೆ ನಡೆಯಿತು. ಕುಸುಬಿ ಎಣ್ಣೆ ತೆಳುವಾಯಿತು, ಶೇಂಗಾ ಎಣ್ಣೆ ಜಿಗಟಾಯಿತು, ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಡ್ಡೆ ಕಟ್ಟಿತು. ಕಾಕಾ ತುಪ್ಪದ ಗಡಿಗೆಗೆ ಕೈ ಹಾಕಿದ ದಿನ ಕಾಕು ಅಡುಗೆಮನೆಗೆ ಕೀಲಿ ಜಡಿದಳು!

ಕೊನೆಗೆ ದಾರಿ ತೋರಿಸಿದವನು ಬಸ್ತ್ಯಾಂವ. ಅವನು ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ದುಡಿಯುತ್ತಿದ್ದ ಕಾಕಾನ ಗೆಳೆಯ, ಸಿದ್ದಿ ಸಮುದಾಯದವನು. ಈಗ ಹಳಿಯಾಳದ ಕಡೆ ತನ್ನೂರಿನಲ್ಲಿ ಭತ್ತ ಬೆಳೆಯುತ್ತಾನೆ. ಜೊಯಿಡಾದ ನೆಂಟರ ಮನೆಯಿಂದ ಜೇನುಮೇಣ ತಂದುಕೊಟ್ಟ. ಔಡಲೆಣ್ಣೆಯಲ್ಲಿ ಆ ಮೇಣ ಕರಗಿಸಿ ಉಗುರಿನ ತುದಿಯಷ್ಟು ಸವರಿದಾಗ ಕೇಸು ಡೈಯೊಳಗೆ ಜಾರಿದ ರೀತಿ ನೋಡಿ ಕಾಕಾನ ಕಣ್ಣು ಮುಚ್ಚಿಯೇ ಹೋದವಂತೆ. ಬಸ್ತ್ಯಾಂವನ ಹತ್ತಿರವೂ ಪರವಾನಗಿಯ ಬಂದೂಕಿತ್ತು. ಆದರೆ ಅದು ನಳಿಗೆಯ ಬಾಯಿಂದ ಮದ್ದು ಜಡಿಯುವ ಹಳೆಯ ಕಾಲದ್ದು, ಅದಕ್ಕೆ ಕೇಸೇ ಇಲ್ಲ. ಪೇಟೆಗೆ ಹೋಗಿ ಬರಿಗೈಯಲ್ಲಿ ಬಂದವನನ್ನು ನೋಡುವಂತೆ ಕಾಕಾ ಅವನನ್ನು ಮರುಕದಿಂದ ನೋಡುತ್ತಿದ್ದ.

ಪದೇ ಪದೇ ಒತ್ತಿಸಿಕೊಂಡ ಹಿತ್ತಾಳೆ ಗಡುಸಾಗಿ ಬಾಯಿ ಸೀಳುತ್ತದೆ. ಹಾಗಾಗದಂತೆ ಕುತ್ತಿಗೆಯನ್ನು ಉರಿಗೆ ಹಿಡಿದು ಮೆತ್ತಗೆ ಮಾಡಬೇಕು. ಅಡುಗೆಮನೆಯ ಕೀಲಿ ತೆರೆದಾಗ ಕಾಕಾ ಗ್ಯಾಸಿನ ಮುಂದೆ ನಿಂತು ಕೇಸನ್ನು ತಿರುಗಿಸುತ್ತ, ಅದರ ಬಣ್ಣ ಬದಲಾಗುವುದನ್ನೇ ಕಾಯುತ್ತಿದ್ದ. ಪಕ್ಕದ ಒಲೆಯ ಮೇಲೆ ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿಯುತ್ತಿತ್ತು. ಕಾಕು ಕೂಗಾಡಿದರೆ ಅವನು ತಲೆ ಎತ್ತದೆ ಹೇಳುತ್ತಿದ್ದ.

“ಹಾಲು ನಾಳೇನೂ ಬರ್ತೈತಿ. ಈ ಬಣ್ಣ ಒಮ್ಮೆ ದಾಟಿತಂದ್ರ ದಾಟಿತು.”

ಆ ಅಡುಗೆಮನೆಯಲ್ಲಿ ಕಾಕಾ ತನ್ನ ಕೆಲಸಕ್ಕೆ ಎತ್ತಿಕೊಂಡು ಹೋಗದೆ ಉಳಿದ ಸಾಮಾನು ಒಂದೇ, ಲಟ್ಟಣಿಗೆ. ಯಾಕೆಂದರೆ ಅದನ್ನು ಮಾಡಿಕೊಟ್ಟವನೇ ಅವನು. ಮದುವೆಯಾದ ಹೊಸತರಲ್ಲಿ ಪರಿಚಯದ ಬಡಗಿಯೊಬ್ಬನ ಲೇತಿನ ಮೇಲೆ ಬೀಟೆ ಮರದ ತುಂಡನ್ನು ತಾನೇ ತಿರುವಿ, ಎರಡೂ ತುದಿಗಳನ್ನು ಸಪೂರ ಮಾಡುತ್ತ ಮಾಡುತ್ತ ಪೆನ್ಸಿಲ್ಲಿನಂತೆ ಮಾಡಿಟ್ಟಿದ್ದನಂತೆ. ಕಾಕು ನೋಡಿ, ಇದು ಲಟ್ಟಿಸುವುದಕ್ಕೋ ಕಣ್ಣು ಚುಚ್ಚುವುದಕ್ಕೋ ಎಂದು ಕೇಳಿದ್ದಳಂತೆ. ಆದರೂ ಇವತ್ತಿನವರೆಗೆ ಬೇರೆ ಲಟ್ಟಣಿಗೆ ಆ ಮನೆಯ ಹೊಸ್ತಿಲು ದಾಟಿಲ್ಲ.

ಕಾಕು ಮುಂಡಗೋಡ ತಾಲ್ಲೂಕಿನ ಇಂದೂರಿನವಳು. ತವರಿನವರು ಕೊಟ್ಟ ಚೂರು ಹೊಲ ಅಲ್ಲಿದೆ. ಅದರಲ್ಲಿ ಗೋವಿನಜೋಳ ಬೆಳೆಯುತ್ತದೆ, ಹಂದಿಗಳು ತಿನ್ನುತ್ತವೆ, ಅವು ಬಿಟ್ಟದ್ದು ಮನೆಗೆ ಬರುತ್ತದೆ. ಒಂದು ವರ್ಷ ತೆನೆ ಹಾಲುಗಟ್ಟಿದ ಹೊತ್ತಿಗೆ ಕಾವಲಿಗೆಂದು ನಾವೆಲ್ಲ ಹೋಗಿದ್ದೆವು. ಬೆಳಗು ಹರಿಯುವಾಗ ಹಂದಿಗಳು ಬಂದವು. ಕಾಕಾ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಹಂದಿಗಳು ಬೇಲಿ ಮುರಿದು ಓಡಿದವು. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ಲವೇ? ಮುಗಿಯಲಿಲ್ಲ. ರೈಫಲ್ಲಿನಿಂದ ಸಿಡಿದ ಕೇಸು ಗೋವಿನಜೋಳದೊಳಗೆ ಬಿದ್ದಿತ್ತು. ಕಾಕಾ ಮೊಣಕಾಲೂರಿ ಹುಡುಕಿದ, ನನ್ನನ್ನು ಹುಡುಕಲು ಹಚ್ಚಿದ, ಕಾಕೂನನ್ನೂ ಬಗ್ಗಿಸಿದ. ಅಡ್ಡ ಬಂದ ಗಿಡಗಳನ್ನು ಮುರಿಯುತ್ತ, ತುಳಿಯುತ್ತ ನಾವು ಮೂವರು ಹೋದ ಹಾದಿ ನೋಡಿದರೆ ಹಂದಿಗಳೇ ನಾಚಬೇಕು! ಕೇಸು ಕೊನೆಗೆ ಕಾಕೂನ ಸೀರೆಯ ನಿರಿಗೆಯಲ್ಲಿ ಸಿಕ್ಕಿತು. ಕಾಕಾ ಅದನ್ನು ಒರೆಸಿ ಕಿಸೆಗೆ ಹಾಕಿಕೊಂಡ. ಹಂದಿಗಳನ್ನೇ ಮೇಯಲು ಬಿಟ್ಟಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ ಎಂದು ಕಾಕು ದಾಂಡೇಲಿ ಮುಟ್ಟುವವರೆಗೆ ಹೇಳುತ್ತಲೇ ಇದ್ದಳು.

ಕಾಕಾನ ಮಗಳನ್ನು ನೋಡಲು ಬೆಳಗಾವಿಯಿಂದ ಗಂಡಿನ ಕಡೆಯವರು ಬಂದ ದಿನದ್ದು ಇನ್ನೂ ದೊಡ್ಡದು. ಅವರು ಬರುವ ಹೊತ್ತಿಗೆ ಸರಿಯಾಗಿ ಡೈಯಲ್ಲಿ ಕೇಸೊಂದು ಸಿಕ್ಕಿಬಿತ್ತು. ಎಣ್ಣೆ ಕಡಿಮೆಯಾಗಿತ್ತಂತೆ. ಪಡಸಾಲೆಯಲ್ಲಿ ಬೀಗರು, ಒಳಕೋಣೆಯಲ್ಲಿ ಕಾಕಾ. ಕಾಕು ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು, ಕೈಮುಗಿದಳು. ಕಾಕಾ ಏಳಲಿಲ್ಲ. ಹುಡುಗಿಯ ತಂದೆಗೆ ಮೈಯಲ್ಲಿ ಹುಷಾರಿಲ್ಲ ಎಂದು ನಾನು ಸುಳ್ಳು ಹೇಳುತ್ತಿರುವಾಗಲೇ ಒಳಗಿನಿಂದ ಸುತ್ತಿಗೆಯ ಸದ್ದು ಬಂತು. ಹುಡುಗನ ತಂದೆ ಎದ್ದು ಒಳಗೇ ನಡೆದುಬಿಟ್ಟರು. ಅವರು ಬೆಳಗಾವಿಯಲ್ಲಿ ಪಂಪು ರಿಪೇರಿ ಮಾಡುವವರೆಂದು ನಮಗೆ ಆಮೇಲೆ ತಿಳಿಯಿತು. ಒಗ್ಗರಣೆ ಅವಲಕ್ಕಿ ತಣ್ಣಗಾಯಿತು, ಚಹಾ ಮತ್ತೊಮ್ಮೆ ಆಯಿತು. ಅವರಿಬ್ಬರೂ ಹೊರಗೆ ಬಂದಾಗ ಇಬ್ಬರ ಕೈಯೂ ಎಣ್ಣೆ, ಇಬ್ಬರ ಮುಖದಲ್ಲೂ ಹಿಗ್ಗು. ಕೇಸು ಬಿಟ್ಟಿತ್ತು. ಮದುವೆ ಗಟ್ಟಿಯಾಗಿತ್ತು! ಹುಡುಗಿಯನ್ನು ಆ ದಿನ ಯಾರೂ ಸರಿಯಾಗಿ ನೋಡಲೇ ಇಲ್ಲ.

ಇಷ್ಟೆಲ್ಲ ನಗುವ ನಾನು ಒಂದು ಸಲ ಆ ಪ್ರೆಸ್ಸಿನ ಹಿಡಿಕೆಯನ್ನು ಎಳೆದು ನೋಡಿದ್ದೇನೆ. ಬಾವಿಯಿಂದ ಕೊಡ ಎಳೆದಷ್ಟೇ ಅನ್ನಿಸಿತು. ಕಾಕಾ ನನ್ನ ಕೈಯ ಮೇಲೆ ತನ್ನ ಕೈ ಇಟ್ಟ.

“ಎಳೀಬ್ಯಾಡ ತಂಗಿ, ಕೇಳು. ಹಿಡಿಕಿ ಕೈಗೆ ಹೇಳ್ತೈತಿ.”

ನನಗೇನೂ ಹೇಳಲಿಲ್ಲ. ಆಮೇಲೆ ಅವನು ಎಳೆದ. ಅವನ ಮುಖ ನೋಡಬೇಕಿತ್ತು ನೀವು. ಕಣ್ಣು ಅರೆಮುಚ್ಚಿತ್ತು. ಹಿಡಿಕೆ ಒಂದು ಕಡೆ ಚಣ ತಡೆದು, ಮತ್ತೆ ಇಳಿಯಿತು. ಈ ಕೇಸಿನ ಕುತ್ತಿಗೆ ಉಳಿದವುಗಳಿಗಿಂತ ಸ್ವಲ್ಪ ದಪ್ಪ ಎಂದ. ಅಳತೆಯ ಉಪಕರಣ ಹಚ್ಚಿ ತೋರಿಸಿದ. ಹೌದು, ದಪ್ಪವಿತ್ತು, ತಲೆಗೂದಲಿನಲ್ಲಿ ಹತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು. ನಮಗೆಲ್ಲ ಇಂಥದ್ದು ಬರೀ ಮಾತಿನ ಅಲಂಕಾರ, ಅವನು ಅದರೊಂದಿಗೆ ದಿನಾ ಸಂಸಾರ ಮಾಡುತ್ತಿದ್ದ. ನಾನು ಆ ಕೋಣೆಯಿಂದ ಹೊರಗೆ ಬಂದು ಸುಮ್ಮನೆ ಮೆಟ್ಟಿಲ ಮೇಲೆ ಕುಳಿತೆ. ಚೇಷ್ಟೆ ಮಾಡಲು ಬಂದವಳಿಗೆ ಕೈಮುಗಿಯುವ ಮನಸ್ಸಾಗಿಬಿಟ್ಟರೆ ಬಹಳ ಮುಜುಗರ.

ಪ್ರತಿ ರೈಫಲ್ಲೂ ತನ್ನೊಳಗೆ ಉಬ್ಬಿದ ಕೇಸಿನ ಮೇಲೆ ತನ್ನದೇ ಗುರುತು ಬಿಡುತ್ತದಂತೆ. ಕ್ಲಬ್ಬಿನಲ್ಲಿ ಯಾರ‍್ಯಾರದೋ ಕೇಸುಗಳು ಬೆರೆತುಹೋದಾಗ ಕಾಕಾ ಒಂದೊಂದನ್ನೇ ಬೆರಳಲ್ಲಿ ಉರುಳಿಸಿ, ಇದು ಹುಬ್ಬಳ್ಳಿ ಡಾಕ್ಟರರದು, ಇದು ಆ ಗುತ್ತಿಗೆದಾರರದು ಎಂದು ವಿಂಗಡಿಸಿಟ್ಟಿದ್ದನ್ನು ಬಸ್ತ್ಯಾಂವ ಕಣ್ಣಾರೆ ನೋಡಿ ಬಂದು ಊರೆಲ್ಲ ಹೇಳಿದ್ದ. ಕ್ಲಬ್ಬಿನವರೆಗೆ ಯಾಕೆ? ಒಂದು ಹಬ್ಬಕ್ಕೆ ಕಾಕು ಕೇಸೊಂದನ್ನು ಸದ್ದಿಲ್ಲದೆ ಎತ್ತಿಕೊಂಡು, ಅದರ ಬಾಯಿಂದ ಕರಿಗಡಬಿನ ಅಂಚಿಗೆ ಸಣ್ಣ ಸಣ್ಣ ಚಂದ್ರ ಒತ್ತಿ, ತೊಳೆದು, ಒರೆಸಿ, ಇದ್ದಲ್ಲೇ ಇಟ್ಟಿದ್ದಳು. ಸಂಜೆ ಕಾಕಾ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ.

“ಏ, ಇದು ಕಣಕದಾಗ ಹೋಗಿ ಬಂದೈತಿ.”

ಕಾಕು ಒಪ್ಪಲಿಲ್ಲ. ಅವನು ಕೇಸಿನ ಬಾಯನ್ನು ಅಂಗೈಗೆ ಬಡಿದ. ಮೈದಾಹಿಟ್ಟಿನ ಒಂದು ಕಣ ಉದುರಿತು. ಅವತ್ತಿನಿಂದ ಕಾಕು ಕೇಸುಗಳ ಡಬ್ಬಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಳು, ಅಂದರೆ ಹಾಗೆಂದು ನಾವು ತಿಳಿದುಕೊಂಡಿದ್ದೆವು.

ಚುನಾವಣೆ ಬಂದರೆ ಪರವಾನಗಿ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ. ಸುತ್ತಲಿನ ರೈತರು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದರು. ಕಾಕಾ ಕಾಕೂನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು, ಗಂಡನ ಮನೆಗೆ ಹೊರಟ ಮಗಳನ್ನು ಕರೆದೊಯ್ಯುವವನಂತೆ ಹೋಗುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ತುಂಬಿದ ಕಾಡತೂಸುಗಳನ್ನು ಅವನು ಡಬ್ಬಿಯಲ್ಲಿ ಅರಳೆ ಹಾಸಿ ಮಲಗಿಸಿದ್ದ. ಹವಾಲ್ದಾರರು ಡಬ್ಬಿ ಬೋರಲು ಹಾಕಿ ಎಲ್ಲವನ್ನೂ ಒಂದು ಬಟ್ಟೆಯ ಚೀಲಕ್ಕೆ ಸುರಿದುಕೊಂಡರು.

“ಸಾಹೇಬ್ರ, ಸಾವಕಾಶರಿ,” ಅಂದ ಕಾಕಾ. “ಅವುಕ್ಕೂ ಕುತ್ತಿಗಿ ಇರ್ತಾವ.”

ಹವಾಲ್ದಾರರು ತಮ್ಮ ಕುತ್ತಿಗೆಯನ್ನು ಒಮ್ಮೆ ಹಿಂದೆ ಮುಂದೆ ಮುರಿದು, “ನಮಗೂ ಐತ್ರಿ ಒಂದು. ಇಲೆಕ್ಷನ್ ಬಂದೋಬಸ್ತಿನ್ಯಾಗ ಹೆಂಗಾಗೇತಿ ನೋಡ್ರಿ” ಅಂದರು.

ಕಾಕಾ ಕೂಡಲೇ ಮೆತ್ತಗಾದ. ಔಡಲೆಣ್ಣೆ ಮತ್ತು ಜೇನುಮೇಣ ಕೂಡಿಸಿ ಹಚ್ಚಿಕೊಳ್ಳಬೇಕೆಂದು ಅವರಿಗೆ ಸಲಹೆ ಕೊಟ್ಟು ಬಂದ!

ಇಲ್ಲಿಯವರೆಗೆ ನಗುತ್ತ ಹೇಳಿದೆ. ಎರಡು ವರ್ಷದ ಕೆಳಗೆ ಒಂದು ರವಿವಾರ ಕಾಕಾ ಚಹಾದ ಕಪ್ಪು-ಬಸಿ ಹಿಡಿದುಕೊಂಡಿದ್ದಾಗ ಕಪ್ಪು ಬಸಿಯ ಮೇಲೆ ಟಕಟಕ ಸದ್ದು ಮಾಡಿತು. ಮೂವರೂ ಅದನ್ನು ಕೇಳಿದೆವು. ಆಮೇಲೆ ಪ್ರತಿ ವಾರ ಆ ಸದ್ದು ಇತ್ತು. ಧಾರವಾಡದ ಡಾಕ್ಟರರು ಒಂದು ಉದ್ದ ಹೆಸರಿನ ಕಾಯಿಲೆ ಹೇಳಿ ಗುಳಿಗೆ ಬರೆದುಕೊಟ್ಟರು. ಈ ನಡುಕದ ರೀತಿಯೇ ವಿಚಿತ್ರ. ಕೈ ಸುಮ್ಮನಿದ್ದಾಗ ನಡುಗುತ್ತದೆ, ಕೆಲಸಕ್ಕೆ ತೊಡಗಿದರೆ ನಿಲ್ಲುತ್ತದೆ. ಕೈಗೆ ಬಿಡುವು ಕೊಡಬೇಡಿ, ಇಷ್ಟದ ಕೆಲಸ ಏನಾದರೂ ಇದ್ದರೆ ಬಿಡಿಸಬೇಡಿ ಎಂದು ಡಾಕ್ಟರರು ಕಾಕೂನಿಗೆ ಹೇಳಿದರು. ಇಷ್ಟದ ಕೆಲಸ! ಇಡೀ ಆಯುಷ್ಯ ಆ ಕೆಲಸಕ್ಕೆ ಶಾಪ ಹಾಕಿದ ಕಾಕು ಅವತ್ತು ಬಸ್ಸಿನಲ್ಲಿ ಬರುವಾಗ, ಪ್ರೆಸ್ಸಿನ ಮೇಜಿಗೆ ಒಂದು ಒಳ್ಳೆಯ ಕುರ್ಚಿ ತರಬೇಕು ಎಂದಳು. ಹಿಡಿಕೆ ಹಿಡಿದಾಗ ಕಾಕಾನ ಕೈ ನಿಜವಾಗಿಯೂ ಕಲ್ಲಿನಂತೆ ನಿಲ್ಲುತ್ತಿತ್ತು. ನಾವು ಬಾಗಿಲಲ್ಲಿ ನಿಂತು ನೋಡಿ ಉಸಿರು ಬಿಡುತ್ತಿದ್ದೆವು.

ಅಷ್ಟರಲ್ಲಿ ಬಂದೂಕಿನ ಪರವಾನಗಿ ನವೀಕರಿಸುವ ಸಮಯ ಬಂತು. ಕಾಕಾ ನವೀಕರಿಸುವುದಿಲ್ಲ ಎಂದುಬಿಟ್ಟ. ಪರವಾನಗಿ ಬಿಡಬೇಡವೆಂದು ಬೇಡಿಕೊಂಡವಳು ಯಾರು ಗೊತ್ತೇ? ಕಾಕು! ಹಿಡಿದಾಗ ಕೈ ನಿಲ್ಲುತ್ತದಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಏನೇನೋ ಹೇಳಿ ನೋಡಿದಳು.

“ನನಗ ಗೊತ್ತಾಗ್ತೈತಿ,” ಅಂದ ಕಾಕಾ. “ಒಂದಿನ ನಿಲ್ಲಲಿಲ್ಲಂದ್ರ? ಬಂದೂಕಿನ ಮುಂದ ಯಾರ್ ಇರ್ತಾರ ಅಂತ ಹೇಳಾಕ ಬರೂದಿಲ್ಲ.”

ಅದೇ ಇ‍ಳಕಲ್ ಸೀರೆಯಲ್ಲಿ ಸುತ್ತಿಕೊಂಡು ಹೋಗಿ ರೈಫಲ್ಲು, ಕಾಡತೂಸು, ಮದ್ದು, ಕ್ಯಾಪು ಎಲ್ಲವನ್ನೂ ಠಾಣೆಗೆ ಒಪ್ಪಿಸಿದ. ಖಾಲಿ ಕೇಸುಗಳನ್ನೂ ಮೇಜಿನ ಮೇಲಿಟ್ಟನಂತೆ. ಅಲ್ಲಿಯ ಸಾಹೇಬರು ನೋಡಿ, ಬರೀ ಹಿತ್ತಾಳೆ, ನಿಮ್ಮ ಹತ್ತಿರವೇ ಇರಲಿ ಎಂದು ಮರಳಿ ಕೊಟ್ಟರಂತೆ. ಮನೆಗೆ ಬಂದವನು ಸೀರೆಯನ್ನು ನೀಟಾಗಿ ಮಡಚಿ ಕಾಕೂನ ಕೈಗೆ ಕೊಟ್ಟ.

ಗುಂಡು ಹಾರದಿದ್ದರೆ ಕೇಸು ಉಬ್ಬುವುದಿಲ್ಲ. ಉಬ್ಬದಿದ್ದರೆ ಕಾಕಾನಿಗೆ ಕೆಲಸವಿಲ್ಲ. ಇದ್ದ ಕೇಸುಗಳೆಲ್ಲ ಸೈಜಾಗಿ, ಮರದ ಹಲಗೆಯ ತೂತುಗಳಲ್ಲಿ ಸಾಲಾಗಿ ನಿಂತು ಹೊಳೆಯುತ್ತಿದ್ದವು. ಸೈಜಾದದ್ದನ್ನೇ ಇನ್ನೊಮ್ಮೆ ಸೈಜು ಮಾಡಬಾರದೇ ಎಂದು ನಾನು ಕೇಳಿದೆ. ಮಾಡಿ ನೋಡಿದೆ, ಡೈಯೊಳಗೆ ಕೆಲಸವಿಲ್ಲವೆಂದು ಕೈಗೆ ಗೊತ್ತಾಗಿಬಿಡುತ್ತದೆ, ನಡುಕ ನಿಲ್ಲುವುದಿಲ್ಲ ಎಂದ. ಬಸ್ತ್ಯಾಂವ ಕ್ಲಬ್ಬಿಗೆ ಹೋಗಿ ಕೇಸು ಕೇಳಿದ. ಅವರು ತಮ್ಮ ಕೇಸುಗಳನ್ನು ಹೊರಗೆ ಕೊಡುವಂತಿಲ್ಲವಂತೆ. ಅವನು ಬರಿಗೈಯಲ್ಲಿ ಬರಲಾರದೆ, ಇನ್ನು ಬೇಕಾಗದ ಜೇನುಮೇಣವನ್ನೇ ಒಂದು ಗಡ್ಡೆ ತಂದು ಮೇಜಿನ ಮೇಲಿಟ್ಟು ಹೋದ.

ಆ ತಿಂಗಳುಗಳಲ್ಲಿ ಕಾಕಾ ಕುಗ್ಗಿದ. ಊಟಕ್ಕೆ ಚಮಚೆ ಬಂತು, ಚಮಚೆಯೂ ತಾಟಿನ ಅಂಚಿಗೆ ಸದ್ದು ಮಾಡಿತು. ಯಾರಾದರೂ ಮನೆಗೆ ಬಂದರೆ ಒಳಗೇ ಕುಳಿತಿರುತ್ತಿದ್ದ. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಕುಳಿತಿರುವುದನ್ನು ನಾನು ನೋಡಿದೆ. ನನಗೆ ಅಳು ಬಂತು. ಇಷ್ಟು ವರ್ಷ ನಗಲು ಬರುತ್ತಿದ್ದ ಮನೆಗೆ ಹೋಗುವುದೆಂದರೆ ಭಯವಾಗತೊಡಗಿತು.

ಈ ಸಲದ ದೀಪಾವಳಿ ಕಳೆದ ಮೇಲಿನ ಒಂದು ರವಿವಾರ. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಹಿಡಿಕೆಯ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಕಾಕಾ ಹೊಸ ಕುರ್ಚಿಯಲ್ಲಿ ಕುಳಿತಿದ್ದಾನೆ. ಕಣ್ಣು ಅರೆಮುಚ್ಚಿವೆ. ಕೈ ಅಲುಗುತ್ತಿಲ್ಲ! ಎಡಕ್ಕೆ ತಾಟಿನ ತುಂಬ ಬಾಯಿ ಅಗಲವಾದ ಕೇಸುಗಳು, ಬಲಕ್ಕೆ ಸೈಜಾದವು. ಎಲ್ಲಿಂದ ಬಂದವು ಎಂದು ಕೇಳಿದೆ. ಬರುತ್ತವೆ ಎಂದಷ್ಟೇ ಹೇಳಿದ.

ಅಡುಗೆಮನೆಯಲ್ಲಿ ಕಾಕು ಲಟ್ಟಿಸುತ್ತಿದ್ದಳು. ನಾನು ಒಳಗೆ ಕಾಲಿಟ್ಟೊಡನೆ ಲಟ್ಟಣಿಗೆಯನ್ನು ತಿರುಗಿಸಿ ಹಿಡಿದುಕೊಂಡಳು. ಏನಾದರೂ ಸಹಾಯ ಮಾಡಲೇ ಎಂದರೆ, ಹೋಗು, ನಿಮ್ಮ ಕಾಕಾನ ಹತ್ತಿರ ಕೂತ್ಕೋ ಎಂದು ಹೊರಗೆ ಹಾಕಿದಳು. ಊಟಕ್ಕೆ ಕುಳಿತಾಗ ಚಪಾತಿ ನೋಡಿ ನನಗೆ ಆಶ್ಚರ್ಯ. ಕಾಕೂನ ಚಪಾತಿ ಎಂದರೆ ಚಂದ್ರನಿಗೂ ಒಂದು ಕೈ ಮೇಲೆ, ಅಷ್ಟು ದುಂಡಗೆ. ಅವತ್ತಿನವು ಉದ್ದುದ್ದ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಾನು ನಕ್ಕೆ, ಕಾಕು ನಗಲಿಲ್ಲ. ಕಾಕಾ ಇನ್ನೊಂದು ಹಾಕಿಸಿಕೊಂಡ.

ಊಟವಾಗಿ ಕಾಕು ಪಾತ್ರೆ ತೆಗೆಯುತ್ತಿದ್ದಾಗ ಕಾಕಾ ನನ್ನನ್ನು ಕೋಣೆಗೆ ಕರೆದ. ತಾಟಿನಿಂದ ಒಂದು ಕೇಸು ಎತ್ತಿ ನನ್ನ ಅಂಗೈಯಲ್ಲಿಟ್ಟು, ಇದು ಯಾವ ರೈಫಲ್ಲಿನದು ಹೇಳು ನೋಡೋಣ ಎಂದ. ನಾನು ತಿರುಗಿಸಿ ಮುರುಗಿಸಿ ನೋಡಿದೆ. ಹುಬ್ಬಳ್ಳಿ ಡಾಕ್ಟರರದೇ ಎಂದೆ. ಅವನು ತಲೆ ಅಲ್ಲಾಡಿಸಿದ.

“ಮದ್ದಿನ ಮಸಿ ಐತೇನು ನೋಡು. ಇಲ್ಲ. ಹೊಟ್ಟಿ ಉಬ್ಬೇತೇನು? ಇಲ್ಲ. ಬರೇ ಬಾಯಿ ಅಗಲ ಆಗೇತಿ. ಇದು ನಿಮ್ಮ ಕಾಕೂನ ಲಟ್ಟಣಿಗೀದು. ಆ ತುದಿ ನಾನ ತಿರುವೇನಿ, ನನಗ ಗೊತ್ತಾಗೂದಿಲ್ಲೇನು?”

ನನಗೆ ಮೊದಲು ನಗು ಬಂತು. ಸೈಜಾದ ಕೇಸುಗಳನ್ನು ಕಾಕು ಕದ್ದೊಯ್ದು, ಲಟ್ಟಣಿಗೆಯ ಸಪೂರ ತುದಿಯನ್ನು ಒಂದೊಂದರ ಬಾಯಿಗೂ ಒತ್ತಿ ತಿರುಗಿಸಿ ಅಗಲ ಮಾಡಿ, ಯಾರಿಗೂ ಗೊತ್ತಾಗದಂತೆ ತಾಟಿನಲ್ಲಿಡುವುದು. ಇವನು ಅವನ್ನು ಒತ್ತಿ ಮೊದಲಿನಂತೆ ಮಾಡುವುದು. ಮತ್ತೆ ಅವಳು, ಮತ್ತೆ ಇವನು! ನಾನು ನಗುತ್ತಿರುವಾಗ ಅವನು ನಗುತ್ತಿಲ್ಲವೆಂದು ಗೊತ್ತಾಗಿ ಸುಮ್ಮನಾದೆ. ಕಾಕಾ ಇನ್ನೂ ಒಂದೆರಡು ಕೇಸುಗಳನ್ನು ಎತ್ತಿ ಬೆಳಕಿಗೆ ಹಿಡಿದ.

“ಮೊದಲು ನೆಟ್ಟಗ ಒತ್ತತಿದ್ಲು. ಈ ವಾರ ನೋಡು, ಎಲ್ಲಾದರ ಬಾಯೂ ಒಂದ ಕಡೆ ವಾಲೇತಿ. ಎಡಗೈಲೆ ಒತ್ತಾಕತ್ತಾಳ. ಬಲಗೈ ಮಣಿಕಟ್ಟು ನೋಯಾಕತ್ತಿರಬೇಕು. ನನ್ನ ಮುಂದ ಹೇಳಂಗಿಲ್ಲ ಆಕಿ. ಹೇಳಿದ್ರ, ಯಾಕ ನೋವಾತು ಅಂತನೂ ಹೇಳಬೇಕಾಗ್ತೈತಲ್ಲ. ನೀ ಸ್ವಲ್ಪ ದವಾಖಾನಿಗೆ ಕರಕೊಂಡು ಹೋಗು ತಂಗಿ.”

ಇದನ್ನು ಬಿಟ್ಟುಬಿಡು ಎಂದು ಅವಳಿಗೆ ನೀನೇ ಹೇಳಬಾರದೇ ಎಂದೆ.

“ಹೇಳಿದ್ರ ಆಕೀ ಮಾರಿ ಸಣ್ಣದಾಗ್ತೈತಿ. ಅದಕ್ಕ ನಾನ ಸಾವಕಾಶ ಮಾಡಾಕತ್ತೇನಿ. ನಾ ಮುಗಸಲಿಲ್ಲಂದ್ರ ಆಕೀ ಕೈಗೆ ಆರಾಮ.”

ಆಗ ನನಗೆ ಕಂಡಿತು. ತಾಟಿನಲ್ಲಿ ಕೆಲಸ ಬೇಕಾದಷ್ಟು ಬಿದ್ದಿತ್ತು. ಕಾಕಾ ಹಿಡಿಕೆಯನ್ನು ಮುಟ್ಟದೆ ಕುಳಿತಿದ್ದ. ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು. ಅದನ್ನು ಅವನು ನಡುಗಲು ಬಿಟ್ಟಿದ್ದ.

ನಾನು ಅಡುಗೆಮನೆಗೆ ಹೋಗಿ ಕಾಕೂನ ಕೈ ಕೇಳಿದೆ. ಅವಳು ಸೆರಗಿನಡಿಗೆ ಸರಿಸಿಕೊಂಡಳು. ಯಾರು ಹೇಳಿದರು ನಿನಗೆ ಎಂದು ಕೇಳಿದಳು. ಚಪಾತಿ ಹೇಳಿದವು ಎಂದೆ. ಅವಳು ನಗುತ್ತ ಕೈ ಕೊಟ್ಟಳು. ಮಣಿಕಟ್ಟು ಬಾತುಕೊಂಡು ಬಿಸಿಯಾಗಿತ್ತು. ನಾಳೆಯೇ ದವಾಖಾನೆಗೆ ಹೋಗೋಣ, ಡಾಕ್ಟರರು ಹೇಳುವವರೆಗೆ ಈ ಕೈಯಿಂದ ಏನೂ ಮಾಡಬಾರದು ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಕೋಣೆಯ ಬಾಗಿಲ ಕಡೆ ನೋಡಿದಳು.

“ಹಂಗಾದ್ರ ನಿಮ್ಮ ಕಾಕಾಂದು?” ಅಂದಳು.

ನಾನು ಗೋಡೆಗೆ ಒರಗಿಸಿಟ್ಟಿದ್ದ ಲಟ್ಟಣಿಗೆಯನ್ನು ಕೈಗೆತ್ತಿಕೊಂಡೆ. ಅದರ ತುದಿಗೆ ಹಿತ್ತಾಳೆಯ ಉಂಗುರದ ಗುರುತು ಬಿದ್ದಿತ್ತು. ನೆಟ್ಟಗೆ ಒತ್ತುವುದು ಹೇಗೆಂದು ತೋರಿಸು ಕಾಕು ಎಂದೆ.